ಇನ್‌ಫೆಂಟ್ ಮತ್ತು ಜೂನಿಯರ್ ಶಾಲೆಗಳ ವಿಲೀನ: ಪಾಲಕರಾಗಿ ನಾವು ಏನನ್ನು ಕೇಳಬೇಕು?

ಎರಡು_ಮಕ್ಕಳ_ತಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ದಕ್ಷಿಣ ಭಾಗದ ಒಂದು ಪಟ್ಟಣದಲ್ಲಿ ನೆಲೆಸಿದ್ದೇವೆ. ಮಗಳು ಮನೆಗೆ ಹತ್ತಿರದ ಇನ್‌ಫೆಂಟ್ ಶಾಲೆಯಲ್ಲಿ ಇಯರ್ 2 ಓದುತ್ತಿದ್ದಾಳೆ, ಮಗ ಬರುವ ಸೆಪ್ಟೆಂಬರಿನಲ್ಲಿ ಶಾಲೆಯ ಮೊದಲ ತರಗತಿಯಾದ ರಿಸೆಪ್ಶನ್‌ಗೆ ಸೇರಬೇಕು. ಈ ಶಾಲೆಯಲ್ಲಿರುವುದು ನಾಲ್ಕರಿಂದ ಏಳು ವರ್ಷದ ಮಕ್ಕಳು ಮಾತ್ರ. ಒಂದು ಬೇಲಿಯ ಆಚೆಗೆ, ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ ಜೂನಿಯರ್ ಶಾಲೆಯಿದೆ. ಎರಡಕ್ಕೂ ಹೆಡ್ ಟೀಚರ್ ಬೇರೆ, ಆಡಳಿತ ಮಂಡಳಿ ಬೇರೆ, ಸಮವಸ್ತ್ರವೂ ಬೇರೆ.

ಈಗ ನಮ್ಮ ಕೌನ್ಸಿಲ್ ಪಾಲಕರ ಅಭಿಪ್ರಾಯ ಕೇಳುವ ಪತ್ರವೊಂದನ್ನು ಕಳುಹಿಸಿದೆ. ಅದರ ಪ್ರಕಾರ ಇನ್‌ಫೆಂಟ್ ಶಾಲೆಯನ್ನು ಮುಚ್ಚಲಾಗುತ್ತದೆ, ಜೂನಿಯರ್ ಶಾಲೆಯ ವಯೋಮಿತಿಯನ್ನು ನಾಲ್ಕು ವರ್ಷಕ್ಕೆ ಇಳಿಸಲಾಗುತ್ತದೆ, ಬರುವ ಸೆಪ್ಟೆಂಬರಿನಿಂದ ಎರಡೂ ಸೇರಿ ಒಂದೇ ಪ್ರೈಮರಿ ಶಾಲೆಯಾಗುತ್ತದೆ. ಮಕ್ಕಳು ಈಗಿರುವ ಕಟ್ಟಡಗಳಲ್ಲೇ ಮುಂದುವರಿಯುತ್ತಾರೆ ಎಂದೂ ಬರೆದಿದ್ದಾರೆ. ಹಾಗಿದ್ದ ಮೇಲೆ ‘ಮುಚ್ಚುವುದು’ ಎಂಬ ಮಾತು ಏಕೆ ಬೇಕಾಯಿತು ಎಂಬುದೇ ನಮಗೆ ತಿಳಿಯುತ್ತಿಲ್ಲ. ಮುಚ್ಚಲು ಹೊರಟಿರುವುದು ಎಲ್ಲ ಪಾಲಕರೂ ಮೆಚ್ಚಿಕೊಂಡಿರುವ ಶಾಲೆಯನ್ನು, ಉಳಿಸಿಕೊಳ್ಳುವುದು ಅಷ್ಟೇನೂ ಹೆಸರು ಮಾಡದ ಶಾಲೆಯನ್ನು ಎಂಬ ಭಾವನೆ ಶಾಲೆಯ ಗೇಟಿನ ಬಳಿ ಬಲವಾಗಿದೆ.

ಇದು ನಿಜವಾಗಿಯೂ ಮಕ್ಕಳ ಕಲಿಕೆಗಾಗಿ ಮಾಡುತ್ತಿರುವ ಬದಲಾವಣೆಯೇ, ಅಥವಾ ಹಣ ಉಳಿಸುವ ದಾರಿಯೇ? ನಾಲ್ಕು ವರ್ಷದ ಮಗು ಹನ್ನೊಂದು ವರ್ಷದವರ ನಡುವೆ ಕಳೆದುಹೋಗುವುದಿಲ್ಲವೇ? ಇಂತಹ ವಿಲೀನವನ್ನು ಹತ್ತಿರದಿಂದ ಕಂಡವರು, ನಾವು ಕೌನ್ಸಿಲ್‌ಗೆ ಬರೆಯುವ ಉತ್ತರದಲ್ಲಿ ಯಾವ ವಿಷಯಗಳನ್ನು ಎತ್ತಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಶಾಲಾ_ಗವರ್ನರ್

ಮೇಡಂ, ನಾನು ಬೇರೊಂದು ಕೌಂಟಿಯಲ್ಲಿ ಪ್ರೈಮರಿ ಶಾಲೆಯ ಆಡಳಿತ ಮಂಡಳಿಯಲ್ಲಿದ್ದೇನೆ. ಎರಡು ಶಾಲೆಗಳನ್ನು ಒಂದುಗೂಡಿಸುವ ಕಾಗದಪತ್ರಗಳನ್ನು ಓದಿ, ಅದರ ಬಗ್ಗೆ ಮತ ಹಾಕಬೇಕಾದ ಸಂದರ್ಭ ನನಗೆ ಬಂದಿತ್ತು. ಆದ್ದರಿಂದ ಮೊದಲು ‘ಮುಚ್ಚುವ’ ಮಾತನ್ನು ಬಿಡಿಸಿ ಹೇಳುತ್ತೇನೆ.

ಇಂಗ್ಲೆಂಡಿನ ಕಾನೂನಿನಲ್ಲಿ ಎರಡು ಶಾಲೆಗಳನ್ನು ‘ವಿಲೀನಗೊಳಿಸುವ’ ಒಂದೇ ಆದೇಶವೆಂಬುದಿಲ್ಲ. ಎರಡನ್ನೂ ಮುಚ್ಚಿ ಹೊಸ ಶಾಲೆಯನ್ನು ತೆರೆಯಬೇಕು, ಇಲ್ಲವೇ ಒಂದನ್ನು ಮುಚ್ಚಿ ಇನ್ನೊಂದರ ವಯೋಮಿತಿಯನ್ನು ವಿಸ್ತರಿಸಬೇಕು. 2011ರ ಶಿಕ್ಷಣ ಕಾಯಿದೆಯು, ಹೊಸ ಶಾಲೆ ಬೇಕೆಂದಾದರೆ ಕೌನ್ಸಿಲ್ ಮೊದಲು ಅಕಾಡೆಮಿಯನ್ನೇ (ಸರ್ಕಾರದ ಹಣದಿಂದ ನಡೆದರೂ ಕೌನ್ಸಿಲ್‌ನ ಹಿಡಿತದಲ್ಲಿಲ್ಲದ ಶಾಲೆಯನ್ನೇ) ಹುಡುಕಬೇಕು ಎಂಬ ನಿಯಮವನ್ನು ತಂದಿತು. ಆ ನಂತರದ ವರ್ಷಗಳಲ್ಲಿ ಶಾಲೆಗಳನ್ನು ತಮ್ಮ ಕೈಯಲ್ಲೇ ಉಳಿಸಿಕೊಳ್ಳಬೇಕೆಂದಿದ್ದ ಕೌನ್ಸಿಲ್‌ಗಳು ಎರಡನೆಯ ದಾರಿಯನ್ನೇ ಹಿಡಿಯುತ್ತ ಬಂದವು. ಅಂದರೆ ಯಾವ ಶಾಲೆಯನ್ನು ‘ಮುಚ್ಚುತ್ತಾರೆ’ ಎಂಬುದು ಬಹಳ ಸಲ ಗುಣಮಟ್ಟದ ತೀರ್ಪಲ್ಲ. ಯಾವ ಹೆಡ್ ಟೀಚರ್ ನಿವೃತ್ತರಾಗುತ್ತಿದ್ದಾರೆ ಅಥವಾ ಬೇರೆಡೆಗೆ ಹೊರಟಿದ್ದಾರೆ ಎಂಬ ಸರಳ ಸಂಗತಿಯೇ ಅದನ್ನು ನಿರ್ಧರಿಸುವುದುಂಟು. ಆದರೂ ಹೆಸರಿನ ಪರಿಣಾಮವನ್ನು ಹಗುರವಾಗಿ ಕಾಣಬಾರದು. ಉಳಿಯುವ ಶಾಲೆಯ ಆಡಳಿತ ಮಂಡಳಿಯೇ ಕಾನೂನಿನ ಪ್ರಕಾರ ಮುಂದುವರಿಯುತ್ತದೆ, ಶಾಲೆಗಳನ್ನು ತಪಾಸಣೆ ಮಾಡುವ ಸಂಸ್ಥೆಯಾದ ಆಫ್‌ಸ್ಟೆಡ್‌ನ ಹಳೆಯ ವರದಿಗಳ ಇತಿಹಾಸವೂ ಉಳಿಯುತ್ತದೆ. ಮಂಡಳಿಯನ್ನು ಪುನರ್ರಚಿಸಿ ಇನ್‌ಫೆಂಟ್ ಕಡೆಯ ಗವರ್ನರ್‌ಗಳಿಗೆ, ಅಂದರೆ ಆಡಳಿತ ಮಂಡಳಿಯ ಸದಸ್ಯರಿಗೆ, ಸ್ಥಾನ ಕೊಡುತ್ತಾರೆಯೇ ಎಂದು ನೀವು ಲಿಖಿತವಾಗಿ ಕೇಳಬಹುದು, ಕೇಳಲೇಬೇಕು.

ಇನ್ನು ಹಣದ ವಿಷಯ. ಇಲ್ಲಿನ ಶಾಲೆಗಳಿಗೆ ಬರುವ ಅನುದಾನದ ಬಹುಪಾಲು ಮಕ್ಕಳ ತಲೆಯೆಣಿಕೆಯ ಮೇಲೆ ನಿಂತಿದೆ. ಅದರ ಜೊತೆಗೆ ಪ್ರತಿ ಶಾಲೆಗೂ, ಅದು ಎಷ್ಟೇ ಚಿಕ್ಕದಾಗಿರಲಿ, ಒಂದು ಇಡಿಗಂಟು ದೊರೆಯುತ್ತದೆ. ಅನುದಾನ ಹಂಚುವ ರಾಷ್ಟ್ರೀಯ ಸೂತ್ರದಲ್ಲಿ 2024-25ಕ್ಕೆ ಅದು 1,34,400 ಪೌಂಡ್ ಇತ್ತು. ಎರಡು ಶಾಲೆಗಳಿದ್ದರೆ ಎರಡು ಇಡಿಗಂಟು, ಒಂದಾದರೆ ಒಂದೇ. ಈ ಕುಸಿತ ಒಮ್ಮೆಗೇ ಆಗದಂತೆ, ವಿಲೀನದ ನಂತರದ ಆರ್ಥಿಕ ವರ್ಷದಲ್ಲಿ ಎರಡೂ ಇಡಿಗಂಟುಗಳ ಮೊತ್ತದ 85 ಪ್ರತಿಶತವನ್ನು ಕೊಡುವ ವ್ಯವಸ್ಥೆಯಿದೆ. ಆ ವರ್ಷದ ಲೆಕ್ಕವನ್ನೇ ಹಿಡಿದರೆ 2,68,800ರ ಬದಲು 2,28,480 ಪೌಂಡ್ ಬರುತ್ತದೆ. ರಕ್ಷಣೆಯ ಅವಧಿ ಮುಗಿದ ಮೇಲೆ ಒಂದೇ ಶಾಲೆಯ ಮೊತ್ತ ಉಳಿಯುತ್ತದೆ. ಆದ್ದರಿಂದ ‘ಹಣ ಉಳಿಸುವುದಕ್ಕಾಗಿ’ ಎಂದು ಕೌನ್ಸಿಲ್ ಮೇಲೆ ಹರಿಹಾಯುವ ಮೊದಲು ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿಲೀನದಿಂದ ಒಟ್ಟು ಅನುದಾನ ಕಡಿಮೆಯಾಗುತ್ತದೆ, ನಿಜ. ಆದರೆ ಶಾಲೆಗಳ ಅನುದಾನ ಶಾಲೆಗಳಿಗೇ ಮೀಸಲಾದದ್ದು, ಕೌನ್ಸಿಲ್ ಅದನ್ನು ರಸ್ತೆ ರಿಪೇರಿಗೆ ಬಳಸಲಾರದು. ಹೊಸ ಶಾಲೆ ನಿಜಕ್ಕೂ ಲಾಭ ಪಡೆಯಬೇಕಾದರೆ ಒಬ್ಬ ಹೆಡ್ ಟೀಚರ್, ಒಂದು ಕಚೇರಿ, ಒಂದೇ ಗುತ್ತಿಗೆಗಳ ಮೂಲಕ ಆಗುವ ಉಳಿತಾಯ, ಕಳೆದುಕೊಳ್ಳುವ ಇಡಿಗಂಟಿಗಿಂತ ಹೆಚ್ಚಾಗಿರಬೇಕು. ಅದು ಹೆಚ್ಚಾಗುತ್ತದೆಯೇ ಎಂಬುದನ್ನು ಮೂರು ವರ್ಷದ ಬಜೆಟ್ ಅಂದಾಜಿನಲ್ಲಿ ತೋರಿಸುವಂತೆ ಕೇಳಿ. ನನ್ನ ಅನುಭವದಲ್ಲಿ, ಸಮಾಲೋಚನಾ ಪತ್ರಗಳಲ್ಲಿ ‘ದಕ್ಷತೆ’ ಎಂಬ ಪದಕ್ಕೆ ಸಿಗುವಷ್ಟು ಜಾಗ ಈ ಅಂಕಿಗಳಿಗೆ ಸಿಗುವುದಿಲ್ಲ.

ಈ ಎಲ್ಲದರ ಹಿಂದೆ ಇರುವ ದೊಡ್ಡ ಕಾರಣ ಜನನ ಪ್ರಮಾಣದ ಇಳಿಕೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರಲ್ಲಿ ಸುಮಾರು 7,30,000 ಮಕ್ಕಳು ಹುಟ್ಟಿದ್ದರು. 2023ರಲ್ಲಿ ಹುಟ್ಟಿದವರು ಸುಮಾರು 5,91,000. ಇಪ್ಪತ್ತೆರಡು ಮಕ್ಕಳ ತರಗತಿಗೂ ಮೂವತ್ತು ಮಕ್ಕಳ ತರಗತಿಗೂ ಒಬ್ಬರೇ ಶಿಕ್ಷಕರು ಬೇಕು, ಸಂಬಳವೂ ಅಷ್ಟೇ. ಆದರೆ ಎಂಟು ಮಕ್ಕಳ ಅನುದಾನ ಬರುವುದಿಲ್ಲ. ಮೂರೇ ವರ್ಷಗಳ ತರಗತಿಗಳಿರುವ ಇನ್‌ಫೆಂಟ್ ಶಾಲೆಗೆ ಈ ಪೆಟ್ಟು ಬೇಗ ತಗಲುತ್ತದೆ, ಏಕೆಂದರೆ ಕಡಿಮೆ ಮಕ್ಕಳಿರುವ ಒಂದು ವರ್ಷವನ್ನು ಸರಿದೂಗಿಸಲು ಅದರ ಬಳಿ ಬೇರೆ ತರಗತಿಗಳೇ ಇಲ್ಲ. ಏಳು ವರ್ಷಗಳ ತರಗತಿಗಳಿರುವ ಪ್ರೈಮರಿ ಶಾಲೆ ಅಂತಹ ಒಂದು ತೆಳುವಾದ ವರ್ಷವನ್ನು ತಾಳಿಕೊಳ್ಳಬಲ್ಲದು. ಅಕ್ಕಪಕ್ಕದ ಎರಡು ಶಾಲೆಗಳನ್ನು ಕೂಡಿಸುವುದು ಸಾಮಾನ್ಯವಾಗಿ ಸರಿಯಾದ ನಿರ್ಧಾರವೆಂದು ನಾನು ನಂಬುವುದಕ್ಕೆ ಇದೇ ಮುಖ್ಯ ಕಾರಣ.

ಕ್ರಮದ ಬಗ್ಗೆಯೂ ಒಂದು ಮಾತು. ನಿಮಗೆ ಈಗ ಬಂದಿರುವುದು ಪೂರ್ವಭಾವಿ ಸಮಾಲೋಚನೆ. ಕೌನ್ಸಿಲ್ ಮುಂದುವರಿಯಲು ತೀರ್ಮಾನಿಸಿದರೆ ಶಾಸನಬದ್ಧ ಪ್ರಕಟಣೆಯನ್ನು ಹೊರಡಿಸಬೇಕು. ಅಲ್ಲಿಂದ ನಾಲ್ಕು ವಾರಗಳ ಕಾಲ ಯಾರು ಬೇಕಾದರೂ ಆಕ್ಷೇಪಣೆ ಅಥವಾ ಬೆಂಬಲವನ್ನು ಸಲ್ಲಿಸಬಹುದು. ಆ ಅವಧಿ ಮುಗಿದ ಎರಡು ತಿಂಗಳೊಳಗೆ ಕೌನ್ಸಿಲ್ ನಿರ್ಧಾರ ಕೈಗೊಳ್ಳದಿದ್ದರೆ ವಿಷಯವು ಇಂತಹ ವಿಷಯಗಳನ್ನು ತೀರ್ಮಾನಿಸುವ ಸ್ಕೂಲ್ಸ್ ಅಡ್ಜುಡಿಕೇಟರ್ ಎಂಬ ಅಧಿಕಾರಿಯ ಬಳಿಗೆ ಹೋಗುತ್ತದೆ. ಈಗ ಬರೆದ ಪತ್ರವನ್ನು ಎರಡನೆಯ ಹಂತದಲ್ಲಿ ಮತ್ತೆ ಕಳುಹಿಸಬೇಕು, ಮೊದಲಿನದು ತಾನಾಗಿಯೇ ಲೆಕ್ಕಕ್ಕೆ ಬರುತ್ತದೆಂದು ಸುಮ್ಮನಿರಬೇಡಿ.

ಪತ್ರದಲ್ಲಿ ಫೆಡರೇಶನ್‌ನ ಪ್ರಸ್ತಾಪವಿಲ್ಲದಿದ್ದರೆ ಅದನ್ನೂ ಎತ್ತಿ. 2002ರ ಶಿಕ್ಷಣ ಕಾಯಿದೆಯ ಅಡಿಯಲ್ಲಿ ಎರಡು ಶಾಲೆಗಳು ಬೇರೆ ಬೇರೆಯಾಗಿಯೇ ಉಳಿದು ಒಂದೇ ಆಡಳಿತ ಮಂಡಳಿಯನ್ನು, ಬೇಕೆಂದರೆ ಒಬ್ಬರೇ ಹೆಡ್ ಟೀಚರನ್ನು ಹೊಂದಬಹುದು. ಎರಡೂ ಇಡಿಗಂಟು ಉಳಿಯುತ್ತದೆ. ಅದನ್ನು ಏಕೆ ಪರಿಶೀಲಿಸಲಿಲ್ಲ ಎಂಬ ಪ್ರಶ್ನೆಗೆ ಕೌನ್ಸಿಲ್ ಕೊಡುವ ಉತ್ತರದಿಂದ ಅದರ ನಿಜವಾದ ಉದ್ದೇಶ ಎಷ್ಟೋ ತಿಳಿಯುತ್ತದೆ.

ರಿಸೆಪ್ಶನ್_ಟೀಚರ್

ಗವರ್ನರ್ ಸರ್ ಹಣವನ್ನೂ ಕಾನೂನನ್ನೂ ಚೆನ್ನಾಗಿ ವಿವರಿಸಿದ್ದಾರೆ. ನಾನು ತರಗತಿಯ ಒಳಗಿನ ಮಾತನ್ನು ಹೇಳುತ್ತೇನೆ. ಮೊದಲು ಇನ್‌ಫೆಂಟ್ ಶಾಲೆಯಾಗಿದ್ದು ಈಗ ಪ್ರೈಮರಿ ಶಾಲೆಯ ಭಾಗವಾಗಿರುವ ಕಟ್ಟಡದಲ್ಲೇ ನಾನು ಪಾಠ ಮಾಡುತ್ತಿದ್ದೇನೆ.

ಮೇಡಂ, ನಿಮ್ಮ ಮಗ ದೊಡ್ಡ ಮಕ್ಕಳ ನಡುವೆ ಕಳೆದುಹೋಗುತ್ತಾನೆಂಬ ಭಯ ಸಹಜವಾದದ್ದು, ಆದರೆ ಅದು ಅತ್ಯಂತ ಸುಲಭವಾಗಿ ಪರಿಹಾರವಾಗುವ ತೊಂದರೆ. ಆಟದ ವೇಳೆಯನ್ನು, ಊಟದ ಸರದಿಯನ್ನು ಬೇರೆ ಮಾಡಿದರೆ ಅದರ ಬಹುಭಾಗ ಮುಗಿದಂತೆ. ಬೇಲಿ ತೆಗೆದರೂ ರಿಸೆಪ್ಶನ್ ಮಕ್ಕಳ ಅಂಗಳಕ್ಕೆ ತನ್ನದೇ ಗೇಟು ಇದ್ದೇ ಇರುತ್ತದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಈ ವಯಸ್ಸಿನ ತರಗತಿಯಲ್ಲಿ ಒಬ್ಬ ಅರ್ಹ ಶಿಕ್ಷಕರಿಗೆ 30ಕ್ಕಿಂತ ಹೆಚ್ಚು ಮಕ್ಕಳಿರಬಾರದು ಎಂಬ 1998ರ ಕಾಯಿದೆಯ ಮಿತಿಯು ಮಕ್ಕಳ ವಯಸ್ಸಿಗೆ ಅಂಟಿಕೊಂಡದ್ದೇ ಹೊರತು ಶಾಲೆಯ ಹೆಸರಿಗಲ್ಲ. ಅದು ಹಾಗೆಯೇ ಮುಂದುವರಿಯುತ್ತದೆ. 2014ರಿಂದ ರಿಸೆಪ್ಶನ್, ಇಯರ್ 1 ಮತ್ತು ಇಯರ್ 2 ಮಕ್ಕಳಿಗೆ ದೊರೆಯುತ್ತಿರುವ ಉಚಿತ ಊಟವೂ ಹಾಗೆಯೇ. (ಸಸ್ಯಾಹಾರದ ಬಗ್ಗೆ ಅಡುಗೆಮನೆಯವರೊಂದಿಗೆ ಮಾತಾಡಿ ಒಂದು ಏರ್ಪಾಡು ಮಾಡಿಕೊಂಡಿದ್ದರೆ, ಅಡುಗೆಯ ಗುತ್ತಿಗೆ ಬದಲಾಗುತ್ತದೆಯೇ ಎಂದು ಮರೆಯದೆ ಕೇಳಿ. ನಮ್ಮವರು ಕೊನೆಯಲ್ಲಿ ನೆನಪಿಸಿಕೊಳ್ಳುವ ಪ್ರಶ್ನೆ ಅದು.)

ನಿಜವಾದ ಅಪಾಯ ಕಣ್ಣಿಗೆ ಕಾಣದ ಜಾಗದಲ್ಲಿದೆ. ಇನ್‌ಫೆಂಟ್ ಶಾಲೆಯಲ್ಲಿ ಹೆಡ್ ಟೀಚರ್‌ನಿಂದ ಹಿಡಿದು ಮಧ್ಯಾಹ್ನದ ಮೇಲ್ವಿಚಾರಕಿಯವರೆಗೆ ಎಲ್ಲರ ಗಮನವೂ ಏಳು ವರ್ಷದೊಳಗಿನ ಮಕ್ಕಳ ಮೇಲೆಯೇ ಇರುತ್ತದೆ. ಮರಳು, ನೀರು, ಇಟ್ಟಿಗೆಗಳ ಆಟದ ಮೂಲಕ ಎಣಿಕೆ ಕಲಿಸುವುದು, ಮಗುವಿನ ಮಾತನ್ನು ಬೆಳೆಸುವುದು, ಅಕ್ಷರಗಳ ಧ್ವನಿಯ ಮೂಲಕ ಓದು ಕಲಿಸುವ ಫೋನಿಕ್ಸ್ ಪಾಠಕ್ಕೆ ಸಣ್ಣ ಗುಂಪುಗಳನ್ನು ಮಾಡುವುದು, ಅಳುತ್ತ ಬಂದ ಮಗುವಿಗಾಗಿ ಪಾಠವನ್ನೇ ಹತ್ತು ನಿಮಿಷ ತಡಮಾಡುವುದು ಅಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲದ ಸಂಗತಿಗಳು. ಪ್ರೈಮರಿ ಶಾಲೆಯಾದ ಮೇಲೆ ಹೆಡ್ ಟೀಚರ್‌ನ ತಲೆಯ ಮೇಲೆ ಇಯರ್ 6ರ ಸ್ಯಾಟ್ಸ್ ಎಂಬ ರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ ಕೂತಿರುತ್ತದೆ, ಏಕೆಂದರೆ ಹೊರಗಿನವರು ಶಾಲೆಯನ್ನು ಅಳೆಯುವುದು ಅದರಿಂದಲೇ. ಆಗ ಒಳ್ಳೆಯ ಅನುಭವಿ ಶಿಕ್ಷಕರು ಮೇಲಿನ ತರಗತಿಗಳಿಗೆ ಸರಿಯುತ್ತಾರೆ, ಸಹಾಯಕರ ಗಂಟೆಗಳು ಅತ್ತ ಹೋಗುತ್ತವೆ, ಇಯರ್ 1ರ ಮಕ್ಕಳು ಒಂದು ದಿನ ನೋಡಿದರೆ ಸಾಲು ಮೇಜಿನ ಮುಂದೆ ಕೂತಿರುತ್ತಾರೆ. ಇದನ್ನು ಯಾರೂ ನಿರ್ಧರಿಸಿರುವುದಿಲ್ಲ, ಸುಮ್ಮನೆ ಆಗುತ್ತದೆ. ಉಳಿಯುವ ಶಾಲೆ ಜೂನಿಯರ್ ಆಗಿದ್ದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹೊಸ ಹೆಡ್ ಟೀಚರ್ ಚಿಕ್ಕ ಮಕ್ಕಳಿಗೆ ಪಾಠ ಮಾಡಿದ ಅನುಭವ ಉಳ್ಳವರೇ? ಇಲ್ಲವಾದರೆ, ಹಿರಿಯ ಆಡಳಿತ ತಂಡದಲ್ಲಿ ಆ ವಿಭಾಗದ ಪರವಾಗಿ ಮಾತಾಡುವ ಅಧಿಕಾರವುಳ್ಳವರು ಯಾರು? ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಕೇಳುವುದು ಇದನ್ನೇ.

ಹಾಗೆಂದು ನಾನು ವಿಲೀನದ ವಿರೋಧಿಯಲ್ಲ. ಏಳನೆಯ ವಯಸ್ಸಿನಲ್ಲಿ ಶಾಲೆ ಬದಲಾಯಿಸುವಾಗ ಆಗುವ ನಷ್ಟವನ್ನು ನಾನು ಬಹಳ ವರ್ಷ ಕಂಡಿದ್ದೇನೆ. ಬೇಲಿಯ ಈ ಕಡೆಯವರು ಕೊಟ್ಟ ಅಂಕಗಳನ್ನು ಆ ಕಡೆಯವರು ನಂಬುತ್ತಿರಲಿಲ್ಲ. ಇಯರ್ 2ರ ಅಂತ್ಯದ ಮೌಲ್ಯಮಾಪನವೇ ಇನ್‌ಫೆಂಟ್ ಶಾಲೆಗೆ ಅಂತಿಮ ಫಲಿತಾಂಶ, ಜೂನಿಯರ್ ಶಾಲೆಗೆ ಆರಂಭದ ಗುರುತು ಆಗಿತ್ತು. ಒಬ್ಬರಿಗೆ ಅದು ಹೆಚ್ಚಿದ್ದರೆ ಅನುಕೂಲ, ಇನ್ನೊಬ್ಬರಿಗೆ ಕಡಿಮೆಯಿದ್ದರೆ ಅನುಕೂಲ. ಎಷ್ಟೇ ಪ್ರಾಮಾಣಿಕರಿದ್ದರೂ ಇಂತಹ ವ್ಯವಸ್ಥೆಯಲ್ಲಿ ಅಪನಂಬಿಕೆ ಹುಟ್ಟುತ್ತದೆ. ಆ ಮೌಲ್ಯಮಾಪನ 2023-24ರಿಂದ ಕಡ್ಡಾಯವಾಗಿಲ್ಲ. ಅದರ ಬದಲಿಗೆ 2021ರ ಸೆಪ್ಟೆಂಬರಿನಿಂದ ರಿಸೆಪ್ಶನ್ ಸೇರಿದ ಆರಂಭದಲ್ಲೇ ಮಗುವಿನ ಮಟ್ಟವನ್ನು ಗುರುತಿಸಿ, ಇಯರ್ 6ರ ವರೆಗಿನ ಪ್ರಗತಿಯನ್ನು ಅಳೆಯುವ ಪದ್ಧತಿ ಬಂದಿದೆ. ಈ ಅಳತೆ ರಿಸೆಪ್ಶನ್‌ನಿಂದ ಇಯರ್ 6ರ ವರೆಗೆ ಇರುವ ಶಾಲೆಗೆ ಮಾತ್ರ ಹೊಂದುತ್ತದೆ, ಅರ್ಧ ದಾರಿಯ ಶಾಲೆಗಳಿಗಲ್ಲ. ಸರ್ಕಾರ ಬಾಯಿಬಿಟ್ಟು ಹೇಳದಿದ್ದರೂ ವ್ಯವಸ್ಥೆಯ ಒಲವು ಪೂರ್ಣ ಪ್ರೈಮರಿ ಶಾಲೆಯ ಕಡೆಗಿದೆ ಎಂದೇ ನನ್ನ ಅನಿಸಿಕೆ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಮಾತ್ರ ವಿಲೀನದಿಂದ ಆಗುವ ಲಾಭ ನಿಸ್ಸಂದೇಹವಾದದ್ದು. ಮಾತು ತಡವಾದ ಮಗುವಿನ ಜೊತೆ ಮೂರು ವರ್ಷ ಕೆಲಸ ಮಾಡಿದ ಸೆಂಕೋ ಶಿಕ್ಷಕಿಯೇ (ವಿಶೇಷ ಅಗತ್ಯಗಳ ಹೊಣೆ ಹೊತ್ತವರೇ) ನಾಲ್ಕನೆಯ ವರ್ಷವೂ ಇರುತ್ತಾರೆ, ಪಾಲಕರು ಹೊಸಬರ ಮುಂದೆ ಇಡೀ ಕಥೆಯನ್ನು ಮೊದಲಿನಿಂದ ಹೇಳಬೇಕಾಗುವುದಿಲ್ಲ.

ಮಿಡ್‌ಲ್ಯಾಂಡ್ಸ್_ಕನ್ನಡಿಗ

ಇಬ್ಬರ ಉತ್ತರವೂ ತೂಕವಾಗಿದೆ, ಆದರೂ ಸ್ವಲ್ಪ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತದೆ. ನಮ್ಮ ಮಕ್ಕಳ ಶಾಲೆಗಳೂ ಹೀಗೆಯೇ ಒಂದಾದವು, ನಾನು ಅದನ್ನು ವಿರೋಧಿಸಿದ ಪಾಲಕರಲ್ಲಿ ಒಬ್ಬ.

ಗಾತ್ರವನ್ನು ಕುರಿತು ಯಾರೂ ಮಾತಾಡಿಲ್ಲ. ವರ್ಷಕ್ಕೆ 90 ಮಕ್ಕಳನ್ನು ಸೇರಿಸಿಕೊಳ್ಳುವ ಇನ್‌ಫೆಂಟ್ ಶಾಲೆ ತುಂಬಿದಾಗ ಅದರಲ್ಲಿ 270 ಮಕ್ಕಳಿರುತ್ತಾರೆ. ಅದೇ ಪ್ರವೇಶ ಸಂಖ್ಯೆಯ ಪ್ರೈಮರಿ ಶಾಲೆಯಲ್ಲಿ 630 ಮಕ್ಕಳು. 270 ಮಕ್ಕಳ ಶಾಲೆಯಲ್ಲಿ ಹೆಡ್ ಟೀಚರ್ ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಅಜ್ಜಿಯೊಬ್ಬರು ಕನ್ನಡದಲ್ಲೇ ಏನೋ ಹೇಳಿದರೂ ನಿಂತು ಕೇಳುತ್ತಿದ್ದರು. 630 ಮಕ್ಕಳ ಶಾಲೆಯ ಹೆಡ್ ಟೀಚರ್ ಒಳ್ಳೆಯವರಲ್ಲವೆಂದು ಹೇಳುತ್ತಿಲ್ಲ. ಅವರನ್ನು ಕಾಣಬೇಕಾದರೆ ಈಗ ಕಚೇರಿಗೆ ಇಮೇಲ್ ಬರೆಯಬೇಕು. ಇದು ಅಂಕಿಗಳಲ್ಲಿ ಕಾಣದ ನಷ್ಟ, ಆದ್ದರಿಂದಲೇ ಯಾವ ವರದಿಯಲ್ಲೂ ಅದಕ್ಕೆ ಜಾಗವಿರುವುದಿಲ್ಲ.

ಎರಡನೆಯದಾಗಿ, ವಿಲೀನದ ಪ್ರಸ್ತಾವದ ಜೊತೆಗೆ ಅಥವಾ ಅದರ ಬೆನ್ನಿಗೇ ಪ್ರವೇಶ ಸಂಖ್ಯೆಯನ್ನು ತಗ್ಗಿಸುವ ಪ್ರಸ್ತಾವ ಬರುವುದುಂಟು. 90 ಇದ್ದದ್ದು 60 ಆದರೆ ಕೊನೆಗೆ ಶಾಲೆಯಲ್ಲಿ 420 ಮಕ್ಕಳಿರುತ್ತಾರೆ, ಒಂದು ಕಟ್ಟಡದ ಹಲವು ಕೊಠಡಿಗಳು ಖಾಲಿ ಬೀಳುತ್ತವೆ. ಆ ಮೇಲೆ ‘ಎರಡು ಕಟ್ಟಡ ಏಕೆ’ ಎಂಬ ಪ್ರಶ್ನೆ ಹುಟ್ಟುತ್ತದೆ. ಈಗ ಕಟ್ಟಡಗಳು ಹಾಗೆಯೇ ಉಳಿಯುತ್ತವೆ ಎಂಬ ಮಾತು ಎಷ್ಟು ವರ್ಷಕ್ಕೆ ಅನ್ವಯಿಸುತ್ತದೆಂದು ಕೇಳಿ. ಆಟದ ಮೈದಾನವನ್ನು ಮಾರಬೇಕಾದರೆ 1998ರ ಕಾಯಿದೆಯ 77ನೆಯ ಸೆಕ್ಷನ್ ಪ್ರಕಾರ ಶಿಕ್ಷಣ ಸಚಿವರ ಒಪ್ಪಿಗೆ ಬೇಕು, ಆ ಮಟ್ಟಿಗೆ ರಕ್ಷಣೆಯಿದೆ. ಕಟ್ಟಡದ ವಿಷಯದಲ್ಲಿ ಅಷ್ಟು ನೆಮ್ಮದಿಯಿಂದ ಇರಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದನ್ನೂ ಸೇರಿಸಬೇಕು. ಬೆಳಿಗ್ಗೆ ಎರಡು ಗೇಟುಗಳ ನಡುವೆ ಓಡುವ ಕಷ್ಟ ತಪ್ಪಿದ್ದು, ಇಬ್ಬರು ಮಕ್ಕಳಿಗೂ ಶಿಕ್ಷಕರ ತರಬೇತಿಯ ರಜೆ ಒಂದೇ ದಿನ ಬೀಳುವಂತಾದದ್ದು ನನ್ನ ಹೆಂಡತಿಗೆ ಬಹಳ ದೊಡ್ಡ ಅನುಕೂಲವಾಗಿ ಕಂಡಿದೆ. ಮನೆಯಲ್ಲಿ ಈ ವಿಷಯದ ಬಗ್ಗೆ ಒಮ್ಮತವಿಲ್ಲ.

ನಿವೃತ್ತ_ಮೇಷ್ಟ್ರು

ನಾನು ಹಾಸನ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕನಾಗಿದ್ದು ನಿವೃತ್ತನಾದವನು. ಸದ್ಯ ಮಗನ ಮನೆಗೆಂದು ಇಂಗ್ಲೆಂಡಿಗೆ ಬಂದಿದ್ದೇನೆ. ಇಲ್ಲಿನ ಹಳೆಯ ಇಟ್ಟಿಗೆ ಶಾಲೆಗಳ ಬಾಗಿಲುಗಳ ಮೇಲೆ ಬಾಲಕರು, ಬಾಲಕಿಯರು, ಇನ್‌ಫೆಂಟ್ಸ್ ಎಂದು ಬೇರೆ ಬೇರೆಯಾಗಿ ಕಲ್ಲಿನಲ್ಲಿ ಕೆತ್ತಿರುವುದನ್ನು ನೋಡಿ, ಈ ವಿಭಜನೆ ಎಲ್ಲಿಂದ ಬಂತೆಂದು ಓದತೊಡಗಿದೆ. 1870ರ ಶಿಕ್ಷಣ ಕಾಯಿದೆಯ ನಂತರ ಶಾಲೆಗಳು ಹೆಚ್ಚಿದಾಗ, ಪರೀಕ್ಷೆಯ ಸ್ಟ್ಯಾಂಡರ್ಡ್‌ಗಳಿಗೆ (ಅಂದಿನ ಮೇಲಿನ ತರಗತಿಗಳಿಗೆ) ಇನ್ನೂ ಏರದ ಚಿಕ್ಕವರನ್ನು ಬೇರೆ ವಿಭಾಗದಲ್ಲಿ ಕೂರಿಸಿದರು. 1931ರ ಹ್ಯಾಡೋ ವರದಿ ಹನ್ನೊಂದು ವರ್ಷದವರೆಗಿನದೆಲ್ಲವೂ ಒಂದೇ ಪ್ರಾಥಮಿಕ ಹಂತವೆಂದು ಕಂಡರೂ ಏಳರ ಗೆರೆ ಅಳಿಯಲಿಲ್ಲ. 1967ರ ಪ್ಲೌಡೆನ್ ವರದಿಯಂತೂ ಗೆರೆಯನ್ನು ಎಂಟಕ್ಕೆ ಸರಿಸಬೇಕೆಂದಿತು. ಕೆಲವು ಪ್ರದೇಶಗಳು ಹಾಗೆ ಮಾಡಿ, ಬಳಿಕ ಅವುಗಳಲ್ಲಿ ಎಷ್ಟೋ ಕಡೆ ಹಿಂದಕ್ಕೆ ಬಂದವು. ಏಳು ವರ್ಷ ಎಂಬುದರಲ್ಲಿ ಮಕ್ಕಳ ಸ್ವಭಾವಕ್ಕಿಂತ ಆಡಳಿತದ ಚರಿತ್ರೆಯೇ ಹೆಚ್ಚಿದೆಯೆಂದು ನನಗೆ ಕಾಣುತ್ತದೆ.

ನಮ್ಮಲ್ಲಿ ಒಂದನೆಯ ತರಗತಿಯ ಮಗುವೂ ಏಳನೆಯ ತರಗತಿಯ ಹುಡುಗನೂ ಒಂದೇ ಕಾಂಪೌಂಡಿನಲ್ಲಿ ಬೆಳೆದವರು, ಅದರಿಂದ ಯಾರೂ ಕಳೆದುಹೋಗಲಿಲ್ಲ. ಆದರೆ ಚಿಕ್ಕ ಮಕ್ಕಳ ಕಲಿಕೆ ನಮ್ಮಲ್ಲಿ ಸುಧಾರಿಸಿದ್ದು ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದರಿಂದಲ್ಲ, ಚಿಕ್ಕವರಿಗೆ ಬೇರೆಯದೇ ಪದ್ಧತಿಯನ್ನು ಕೊಟ್ಟಿದ್ದರಿಂದ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗವನ್ನು ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಆರಂಭಿಸಿದ ನಲಿ-ಕಲಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂತು, ಕಾರ್ಡುಗಳ ಮೂಲಕ, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಲಿಕಾ ಏಣಿಯನ್ನು ಹತ್ತುತ್ತಿದ್ದರು. ಅದೇ ಕಟ್ಟಡದ ಪಕ್ಕದ ಕೊಠಡಿಯಲ್ಲಿ ಕಪ್ಪುಹಲಗೆಯ ಪಾಠ ನಡೆಯುತ್ತಿತ್ತು. ಇಲ್ಲಿ ಟೀಚರ್ ಮೇಡಂ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ನಲಿ-ಕಲಿಗೆ ತರಬೇತಿ ಪಡೆದ ಶಿಕ್ಷಕಿ ವರ್ಗವಾಗಿ ಹೋದ ವರ್ಷ ಆ ಕೊಠಡಿಯೂ ಮಾಮೂಲಿ ಕೊಠಡಿಯಾಗಿಬಿಡುತ್ತಿತ್ತು. ಗೋಡೆಗೆ ಹಾಕಿದ ಏಣಿಯ ಚಿತ್ರ ಮಾತ್ರ ಹಾಗೆಯೇ ಇರುತ್ತಿತ್ತು.

ನಮ್ಮೂರಿನಲ್ಲಿ ಶಾಲೆಗಳ ವಿಲೀನವೆಂದರೆ ಜನ ಬೆಚ್ಚುವ ಕಾರಣ ಬೇರೆ. ಅಲ್ಲಿ ಎರಡು ಹಳ್ಳಿಗಳ ಶಾಲೆ ಒಂದಾದರೆ ಒಂದು ಹಳ್ಳಿಯ ಮಗು ಹಳ್ಳ ದಾಟಿ ನಡೆಯಬೇಕಾಗುತ್ತದೆ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂಬ ಶಿಕ್ಷಣ ಹಕ್ಕು ಕಾಯಿದೆಯ ನಿಯಮ ಹುಟ್ಟಿದ್ದೇ ಅದಕ್ಕಾಗಿ. ನಿಮ್ಮಲ್ಲಿ ಮಗು ದಾಟಬೇಕಾದದ್ದು ಒಂದು ಬೇಲಿಯನ್ನು. ಆದ್ದರಿಂದ, ತಾಯಿ, ಊರಿನಿಂದ ಬರುವ ಸುದ್ದಿಗಳನ್ನು ಓದಿ ಇಲ್ಲಿನದಕ್ಕೆ ಹೋಲಿಸಿ ಗಾಬರಿಯಾಗಬೇಡಿ.

ಎರಡು_ಮಕ್ಕಳ_ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು, ಮೇಷ್ಟ್ರೇ ನಿಮಗೂ ನಮಸ್ಕಾರಗಳು. ಹಿರಿಯ ಆಡಳಿತ ತಂಡದಲ್ಲಿ ಚಿಕ್ಕ ಮಕ್ಕಳ ವಿಭಾಗಕ್ಕೆ ಯಾರು ಹೊಣೆ ಎಂಬುದನ್ನು, ಮೂರು ವರ್ಷದ ಬಜೆಟ್ ಅಂದಾಜನ್ನು, ಫೆಡರೇಶನ್ ಏಕೆ ಬೇಡವಾಯಿತು ಎಂಬುದನ್ನು, ಪ್ರವೇಶ ಸಂಖ್ಯೆಯ ಯೋಜನೆಯನ್ನು ನಾವು ಕೆಲವು ಪಾಲಕರು ಸೇರಿ ಒಂದೇ ಪತ್ರದಲ್ಲಿ ಕೇಳಲು ನಿರ್ಧರಿಸಿದ್ದೇವೆ. ಇನ್ನೊಂದು ಸಂದೇಹ ಉಳಿದಿದೆ. ಮಗಳ ಇಯರ್ 3 ಪ್ರವೇಶಕ್ಕೂ ಮಗನ ರಿಸೆಪ್ಶನ್ ಪ್ರವೇಶಕ್ಕೂ ಜನವರಿಯಲ್ಲಿ ಅರ್ಜಿ ಹಾಕುವ ಸಮಯ ಬರುತ್ತದೆ. ವಿಲೀನವಾದರೆ ಮಗಳು ತಾನಾಗಿಯೇ ಮೇಲಿನ ತರಗತಿಗೆ ಹೋಗುತ್ತಾಳಲ್ಲ, ಅವಳ ಅರ್ಜಿ ಬೇಕಾಗುವುದಿಲ್ಲವೆಂದು ಕೆಲವು ಪಾಲಕರು ಹೇಳುತ್ತಿದ್ದಾರೆ.

ಶಾಲಾ_ಗವರ್ನರ್

ಮೇಡಂ, ದಯವಿಟ್ಟು ಆ ಮಾತನ್ನು ನಂಬಿ ಕೂರಬೇಡಿ. ಪ್ರೈಮರಿ ಶಾಲೆಯಲ್ಲಿ ಇಯರ್ 2ರಿಂದ ಇಯರ್ 3ಕ್ಕೆ ಅರ್ಜಿ ಬೇಡವೆಂಬುದು ನಿಜ, ಆದರೆ ಅಂತಿಮ ನಿರ್ಧಾರವಾಗುವ ತನಕ ನಿಮ್ಮ ಮಗಳು ಓದುತ್ತಿರುವುದು ಪ್ರೈಮರಿ ಶಾಲೆಯಲ್ಲ. ಅರ್ಜಿಯ ಕೊನೆಯ ದಿನ ಜನವರಿ 15, ಸ್ಥಾನಗಳನ್ನು ತಿಳಿಸುವುದು ಏಪ್ರಿಲ್ 16ರಂದು. ಸಮಾಲೋಚನೆ, ಪ್ರಕಟಣೆ, ಆಕ್ಷೇಪಣೆಯ ನಾಲ್ಕು ವಾರ, ಅದರ ಮೇಲಿನ ಎರಡು ತಿಂಗಳು ಎಲ್ಲವನ್ನೂ ಲೆಕ್ಕ ಹಾಕಿದರೆ ಜನವರಿಯೊಳಗೆ ನಿರ್ಧಾರವಾಗುವುದು ಕಷ್ಟ. ವಿಲೀನ ಮುಂದೂಡಲ್ಪಟ್ಟರೆ ತಡವಾದ ಅರ್ಜಿಗಳು ಎಲ್ಲರ ಹಿಂದೆ ನಿಲ್ಲುತ್ತವೆ.

ಇಬ್ಬರಿಗೂ ಅರ್ಜಿ ಹಾಕಿ. ಮಗನ ಅರ್ಜಿಯಲ್ಲಿ ಅಕ್ಕನ ಹೆಸರನ್ನು ತಪ್ಪದೆ ನಮೂದಿಸಿ. ಸೆಪ್ಟೆಂಬರಿನಲ್ಲಿ ಅಕ್ಕ ಜೂನಿಯರ್ ಶಾಲೆಯಲ್ಲಿ, ತಮ್ಮ ಇನ್‌ಫೆಂಟ್ ಶಾಲೆಯಲ್ಲಿ ಇರುವ ಪರಿಸ್ಥಿತಿಯಲ್ಲಿ ಅವರನ್ನು ಒಡಹುಟ್ಟಿದವರ ಆದ್ಯತೆಗೆ ಪರಿಗಣಿಸುತ್ತಾರೆಯೇ ಎಂಬುದು ಆ ಶಾಲೆಗಳ ಪ್ರಕಟಿತ ಪ್ರವೇಶ ನಿಯಮಗಳಲ್ಲಿ ಬರೆದಿರುತ್ತದೆ. ಕೆಲವು ಕಡೆ ಜೋಡಿ ಶಾಲೆಗಳನ್ನು ಒಂದೇ ಎಂದು ಎಣಿಸುತ್ತಾರೆ, ಕೆಲವು ಕಡೆ ಇಲ್ಲ. ಕೌನ್ಸಿಲ್‌ನ ಪ್ರವೇಶ ವಿಭಾಗಕ್ಕೆ ಈ ವಾರವೇ ಇಮೇಲ್ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯಿರಿ.